ಕಣ್ಣಿಟ್ಟಿರಬೇಕಿತ್ತು ಅಂದವರಿಗೆ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದು ಹಗುರ ಮಾಡ್ಕೋತೀನಿ, ಬೇಜಾರಾದವರು ದಾಟಿಕೊಂಡು ಹೋಗಿ.

ಸಂಬಂಧಿಕರ ಮನೆ. ದೊಡ್ಡವರು 12 ಜನ, ಒಂದು ವರ್ಷದ ಮಗು ಒಂದು. ಕುಳ್ಳ ಟೀಪಾಯಿ, ಅದರಿಂದ ನೆಲದ ತನಕ ಇಳಿಬಿದ್ದ ಚಂದದ ಬಟ್ಟೆ, ಮೇಲೆ ಹಬೆಯಾಡೋ ಕಾಫಿ. ಮಗು ಬಟ್ಟೆ ಹಿಡಿದು ಎದ್ದು ನಿಲ್ಲೋಕೆ ನೋಡಿತು. ಮುಂದಿನದು ಹೇಳಬೇಕಾ?

ಎಲ್ಲರೂ ತಿರುಗಿದ್ದು ಅಮ್ಮನ ಕಡೆ. "ಮಗು ಮೇಲೆ ಒಂದು ಕಣ್ಣಿಟ್ಟಿರಬಾರದಾ?" ನಿಮ್ಮ 24 ಕಣ್ಣು ಎಲ್ಲಿದ್ದವು ಸ್ವಾಮಿ? ಅಪ್ಪ ಅನ್ನಿಸಿಕೊಂಡವನು ಪಕ್ಕದಲ್ಲೇ ಮೊಬೈಲ್ ಉಜ್ಜುತ್ತಾ ಕೂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಕೇಳಲ್ಲ ಬಿಡಿ.

ಅಷ್ಟರಲ್ಲಿ ಒಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಐಸ್. ಎರಡೂ ಬೇಡ. ನಾನು ಮಗುವನ್ನು ಎತ್ತಿಕೊಂಡು ಹೋಗಿ ಅದರ ಕೈಯನ್ನು ನಲ್ಲಿ ಕೆಳಗೆ ಹಿಡಿದೆ. ಸುಟ್ಟ ಜಾಗಕ್ಕೆ ಹರಿಯೋ ತಣ್ಣೀರು, 20 ನಿಮಿಷ. ಮೂರನೇ ನಿಮಿಷಕ್ಕೇ ಹಿಂದಿನಿಂದ "ಸಾಕು ಬಿಡಮ್ಮ, ಶೀತ ಆಗುತ್ತೆ". ನಾನು ಬಿಡಲಿಲ್ಲ. ಆಮೇಲೆ ಆಸ್ಪತ್ರೆಗೆ ಕಳಿಸಿದ್ದಾಯಿತು.

ನನ್ನ ಸಿಟ್ಟೆಲ್ಲ ಆ "ಕಣ್ಣಿಡಿ" ಅನ್ನೋ ಮಾತಿನ ಮೇಲೆ. ಕಣ್ಣು ಮಿಟುಕುತ್ತೆ ರೀ. ಬಾಗಿಲು ಬಡಿದರೆ ಆ ಕಡೆ ತಿರುಗುತ್ತೆ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರೆ ತಾನಾಗೇ ಮುಚ್ಚುತ್ತೆ. 60 ಡಿಗ್ರಿ ಬಿಸಿಯ ನೀರು ಚರ್ಮವನ್ನು ಆಳವಾಗಿ ಸುಡೋಕೆ 5 ಸೆಕೆಂಡ್ ಸಾಕು, ಮಕ್ಕಳದು ತೆಳು ಚರ್ಮ, ಇನ್ನೂ ಬೇಗ. ಈಗ ತಾನೇ ಬಗ್ಗಿಸಿದ ಕಾಫಿ ಅದಕ್ಕಿಂತ ಬಿಸಿ. ಅಷ್ಟರಲ್ಲಿ ಯಾವ ತಾಯಿ ಓಡಿ ಬಂದು ಹಿಡೀತಾಳೆ? ಕಪ್ಪನ್ನು ಎತ್ತರದಲ್ಲಿ ಇಟ್ಟಿದ್ದರೆ ಯಾರೂ ಓಡಬೇಕಾಗಿರಲಿಲ್ಲ.

ನಾನೇನೂ ಮಹಾತಾಯಿ ಅಲ್ಲ. ನನ್ನ ಚಿಕ್ಕವನ ತಂಟೆ ನಿಮಗೆಲ್ಲ ಗೊತ್ತು, ಆದರೆ ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ಅವನಿಗಾಗ 11 ತಿಂಗಳು. ಬಚ್ಚಲಲ್ಲಿ ಅರ್ಧ ಬಕೆಟ್ ನೀರಿತ್ತು. ಟವೆಲ್ ತಗೊಳ್ಳೋಕೆ ಆ ಕಡೆ ತಿರುಗಿದೆ, ಅಷ್ಟೇ. ಈ ಕಡೆ ನೋಡಿದರೆ ಬಕೆಟ್ ಹೊರಗೆ ಎರಡು ಕಾಲು. ಸದ್ದಿಲ್ಲ, ಕೂಗಿಲ್ಲ, ನೀರು ಚಿಮ್ಮಿದ್ದೂ ಇಲ್ಲ. ಆ ವಯಸ್ಸಲ್ಲಿ ತಲೆಯೇ ಭಾರ, ಒಮ್ಮೆ ಬಗ್ಗಿದರೆ ವಾಪಸ್ ಏಳೋಕಾಗಲ್ಲ. 5 ಸೆಂಟಿಮೀಟರ್ ನೀರೂ ಸಾಕಂತೆ. ಎಳೆದು ಎತ್ತಿದೆ, ಕೆಮ್ಮಿದ, ಅತ್ತ. ಆ ಅಳುವಿನಷ್ಟು ಇಂಪಾದ್ದನ್ನು ನಾನು ಕೇಳೇ ಇಲ್ಲ. ಅವತ್ತಿನಿಂದ ನಮ್ಮನೇಲಿ ಬಕೆಟ್‌ಗಳೆಲ್ಲ ಬೋರಲು. ಜನ ನಗ್ತಾರೆ, ನಗಲಿ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ನಾವು ಬೆಳೀಲಿಲ್ವಾ?" ಅಂತ ಕಾಮೆಂಟ್ ಹಾಕೋಕೆ ಬೆರಳು ತುರಿಸ್ತಿರುತ್ತೆ, ಗೊತ್ತು. ಬೆಳೆದಿರಿ. ಬೆಳೆಯದೇ ಹೋದವರು ಕಾಮೆಂಟ್ ಹಾಕೋಕೆ ಬರಲ್ಲ. ಮಂಡಿ ತರಚಲಿ, ಜಾರುಬಂಡೆಯಿಂದ ಉರುಳಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ರಿಮೋಟಿನ ಬಿಲ್ಲೆಯಂಥ ಬ್ಯಾಟರಿ ನುಂಗಿ ಮಗು ಯಾವ ಪಾಠ ಕಲಿಯುತ್ತೆ? ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಗಾಲಿ ವಾಕರ್ ಕೊಡಿಸಿದರೆ ಮಗು ಬೇಗ ನಡೆಯುತ್ತೆ ಅಂತೀರಲ್ಲ, ಮೆಟ್ಟಿಲ ಕಡೆಗೂ ಅಷ್ಟೇ ಬೇಗ ಓಡುತ್ತೆ. ಕೆನಡಾದಲ್ಲಿ 2004ರಲ್ಲೇ ಅದನ್ನು ಮಾರೋದನ್ನೇ ನಿಷೇಧಿಸಿದರು. "ಮಕ್ಕಳ ಮೇಲೆ ಕಣ್ಣಿಡಿ" ಅಂತ ಬೋರ್ಡ್ ಹಾಕಿ ಸುಮ್ನೆ ಕೂರಲಿಲ್ಲ.

ರಾತ್ರಿ ಮಗು ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಬಂತು. ಪುಣ್ಯಕ್ಕೆ ಗಾಯ ಮೇಲ್ಮೇಲೆ. ಅಮ್ಮನಿಗೆ ಅತ್ತು ಅತ್ತು ಕಣ್ಣು ಊದಿತ್ತು. ಮನೆಯವರು ಟೀಪಾಯಿ ಮೇಲಿನ ಕಲೆಯಾದ ಬಟ್ಟೆ ತೆಗೆದು ಬೇರೆ ಹಾಸಿದ್ದರು. ಅದೂ ನೆಲದ ತನಕ. ಅದರ ಮೇಲೆ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ.