ಒಂಬತ್ತನೇ ಭೋಗ

ಬಳ್ಳಾರಿಯಲ್ಲಿ ಮನೆ ತೋರಿಸುವ ಕ್ರಮವೇ ಈಗ ಬದಲಾಗಿದೆ. ಮೊದಲು ಬ್ರೋಕರ್ ಸೀದಾ ಒಳಗೆ ಕರೆದುಕೊಂಡು ಹೋಗಿ ಬೋರು, ಸಂಪು, ದೇವರ ಕೋಣೆ ತೋರಿಸುತ್ತಿದ್ದ. ಈಗ ಗೇಟಿನ ಹೊರಗೇ ನಿಲ್ಲಿಸಿ ಕೈ ಮೇಲೆತ್ತುತ್ತಾನೆ. "ನೋಡ್ರಿ ಸರ್, ಎಂಟು ಕ್ಯಾಮೆರಾ ಐತ್ರಿ. ಮನಿ ಫುಲ್ ಸೇಫ್." ಕೊಳ್ಳಲು ಬಂದವರು ಕತ್ತು ಎತ್ತಿ ಎಣಿಸುತ್ತಾರೆ. ಕೋಣೆ ಎಷ್ಟು ಅಂತ ಆಮೇಲೆ ಕೇಳುತ್ತಾರೆ.

ಇದಕ್ಕೊಂದು ಇತಿಹಾಸವೂ ಇದೆ ಅನ್ನಿ. ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಇಲ್ಲಿ ಮನೆಗಳು ದೊಡ್ಡದಾದವು, ಕಾಂಪೌಂಡು ಎತ್ತರವಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳು ನಿಂತವು. ಕಾಂಪೌಂಡು ಮಾತ್ರ ಹಾಗೇ ಉಳಿಯಿತು. ಅಷ್ಟೆತ್ತರದ ಕಾಂಪೌಂಡು ಇದ್ದ ಮೇಲೆ ಕ್ಯಾಮೆರಾ ಬೇಡವೇ? ಒಳಗೆ ಕಾಯಲು ಏನಿದೆ ಅನ್ನೋದು ಬೇರೆ ಪ್ರಶ್ನೆ. ಕ್ಯಾಮೆರಾಗೂ ಹೊರಗೆ ಜಾಸ್ತಿಯೇನೂ ಕಾಣುವುದಿಲ್ಲ. ಹಗಲು ಕೆಂಪು ಧೂಳು, ರಾತ್ರಿ ಒಂದು ಹಲ್ಲಿ.

ಇಂಥ ಮನೆ ಕೊಳ್ಳುವವನ ಎಚ್ಚರ ನೋಡಬೇಕು ನೀವು. ಮೂವತ್ತು ವರ್ಷದ ಇಸಿ, ಅಂದರೆ ಋಣಭಾರ ಪತ್ರ ತೆಗೆಸುತ್ತಾನೆ. ವಕೀಲರಿಗೆ ಮೂಲಪತ್ರ ಓದಿಸುತ್ತಾನೆ. ಇ-ಖಾತಾ ಆಗಿದೆಯೋ ಇಲ್ಲವೋ ನೋಡುತ್ತಾನೆ. ವಾಸ್ತುವಿನವರನ್ನು ಕರೆಸಿ ಅಡುಗೆಮನೆ ಆಗ್ನೇಯಕ್ಕಿದೆ ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ. ಮನೆಯ ಮೇಲೆ ಯಾವ ಬ್ಯಾಂಕಿನ ಕಣ್ಣಿದೆ ಅಂತ ಇಸಿ ಹೇಳುತ್ತದೆ. ಮನೆಯ ಒಳಗೆ ಯಾರ ಕಣ್ಣಿದೆ ಅಂತ ಹೇಳುವ ಕಾಲಂ ಅದರಲ್ಲಿಲ್ಲ. ಇವನೂ ಕೇಳುವುದಿಲ್ಲ.

ಕಾನೂನು ಕೇಳುತ್ತದೆಯೇ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ತೆಗೆದು ನೋಡಿ. ಬೇರೆ ಮಾತಾಗಿಲ್ಲದಿದ್ದರೆ, ಮನೆ ಮಾರಿದಾಗ ಬೀಗ, ಕೀಲಿ, ಸರಳು, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆಂದು ಇಟ್ಟ ಉಳಿದೆಲ್ಲ ವಸ್ತುಗಳು ಕೊಂಡವನಿಗೆ ಸೇರುತ್ತವೆ. ಬ್ರಿಟಿಷರು ಎಷ್ಟು ಯೋಚಿಸಿ ಬರೆದಿದ್ದಾರೆ ಅಲ್ವಾ! ಕ್ಯಾಮೆರಾ ಕಂಡದ್ದನ್ನೆಲ್ಲ ರೆಕಾರ್ಡ್ ಮಾಡಿಡುವ ಡಬ್ಬಿ, ಡಿವಿಆರ್ ಒಂದು ಮರೆತರು. ಹಾಗಾಗಿ ಮಾರುವವನು "ಫ್ರಿಜ್ ಇದ್ದಂಗ್ರಿ, ಬಿಚ್ಚಿಕೊಂಡು ಹೋಗ್ತೀನಿ" ಅನ್ನುತ್ತಾನೆ. ಕೊಳ್ಳುವವನು "ಗೋಡೆಗೆ ಸ್ಕ್ರೂ ಹೊಡೆದೀರಿ, ಕಿಟಕಿ ಇದ್ದಂಗೆ" ಅನ್ನುತ್ತಾನೆ. ಕೋಟಿ ರೂಪಾಯಿ ವ್ಯಾಪಾರ ಎರಡು ಸಾವಿರದ ಕ್ಯಾಮೆರಾ ಮುಂದೆ ನಿಂತುಬಿಡುತ್ತದೆ. ಅದೇ ಕ್ಯಾಮೆರಾ ಈ ಜಗಳವನ್ನು ರೆಕಾರ್ಡ್ ಮಾಡಿಕೊಳ್ಳುತ್ತಿರುತ್ತದೆ.

ಬಿಚ್ಚಿಕೊಂಡು ಹೋಗುವವರು ಕಟಿಂಗ್ ಪ್ಲೇಯರ್ ಹಿಡಿದೇ ಬರುತ್ತಾರೆ. ಪಿನ್ ತಿರುಗಿಸಿ ತೆಗೆಯುವ ತಾಳ್ಮೆ ಯಾರಿಗಿದೆ? ವೈರನ್ನು ಗೋಡೆಯ ಬುಡಕ್ಕೇ ಕಚಕ್ ಅಂತ ಕತ್ತರಿಸುತ್ತಾರೆ. ಟಿವಿ ಸ್ಟ್ಯಾಂಡಿನ ಹಿಂದೆ ಎಂಟು ಕರಿ ವೈರು ತಲೆ ಹೊರಗೆ ಹಾಕಿ ಉಳಿಯುತ್ತವೆ. ಯಾವುದು ಗೇಟಿಗೆ, ಯಾವುದು ಟೆರೇಸಿಗೆ? ಒಂದಕ್ಕೂ ಚೀಟಿ ಇಲ್ಲ. ಎಳೆದವನ ಫೋನ್ ನಂಬರು ಈಗ ಚಾಲ್ತಿಯಲ್ಲಿಲ್ಲ.

ಹೊಸ ಕ್ಯಾಮೆರಾದವನು ಬಂದು ಒಂದು ತುದಿ ಹಿಡಿದು ನೋಡಿ ನಿಟ್ಟುಸಿರು ಬಿಡುತ್ತಾನೆ. "ತ್ರೀ ಪ್ಲಸ್ ಒನ್ ವೈರ್ ಹಾಕ್ಯಾರ್ರಿ. ಹಳೇದು. ಈಗೆಲ್ಲ ಐಪಿ, ನೆಟ್‌ವರ್ಕ್ ಕ್ಯಾಮೆರಾ. ಕ್ಯಾಟ್ ಸಿಕ್ಸ್ ಎಳೀಬೇಕು." ಹಳೇ ವೈರಿಗೆ ಹೊಂದುವ ಕ್ಯಾಮೆರಾ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅವನ ಸಂಪಾದನೆ ಇರುವುದು ಹೊಸ ವೈರಿನಲ್ಲಿ. ಕ್ಯಾಟ್ ಸಿಕ್ಸ್ ಅನ್ನುವ ನೆಟ್‌ವರ್ಕ್ ವೈರು ಒಳ್ಳೆಯದೇ, ಸುಳ್ಳಲ್ಲ. ಪಿಒಇ (ಪವರ್ ಓವರ್ ಈಥರ್ನೆಟ್) ಇದ್ದರೆ ಒಂದೇ ವೈರಿನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ, 100 ಮೀಟರ್ ತನಕ. ಪಾರ್ವತಿನಗರದ ಎಂಥ ದೊಡ್ಡ ಮನೆಗೂ ಅಷ್ಟು ಸಾಕು. ಸಾಲದಿದ್ದರೆ ಅದು ಮನೆಯಲ್ಲ, ಕಲ್ಯಾಣ ಮಂಟಪ. ಗೋಡೆ ಒಡೆಯಲು ಮನೆಯವರು ಒಪ್ಪುವುದಿಲ್ಲವಾದ್ದರಿಂದ ಹೊಸ ವೈರು ಹೊರಗಿನಿಂದ ಬರುತ್ತದೆ. ಗ್ರಾನೈಟ್ ಮುಖಮಂಟಪಕ್ಕೆ ಅಡ್ಡಲಾಗಿ, ದೃಷ್ಟಿಬೊಂಬೆಯ ಕಿವಿಯ ಪಕ್ಕದಿಂದ ಹಾದು ಒಳಗೆ ಇಳಿಯುತ್ತದೆ.

ಇವರೇ ವಾಸಿ. ಭಯಪಡಬೇಕಾದದ್ದು ಉದಾರಿಗಳಿಗೆ. "ಎಲ್ಲಾ ಬಿಟ್ಟೇ ಹೋಗ್ತೀವಪ್ಪಾ. ವೈಫೈ ಕನೆಕ್ಷನ್ನೂ ತೆಗೆಸಬ್ಯಾಡ್ರಿ, ಹಂಗೇ ನಡೀಲಿ. ಬಿಲ್ ಒಂದು ನೀವು ಕಟ್ಟಿಕೊಂಡು ಹೋಗ್ರಿ." ಎಂಥ ದೊಡ್ಡ ಮನಸ್ಸು! ಯಜಮಾನರು ಬೆಂಗಳೂರಿಗೆ ಮಗನ ಮನೆಗೆ ಹೋಗುತ್ತಾರೆ. ಅಲ್ಲಿ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿ, ಮಾತಾಡಲು ಜನ ಇಲ್ಲ, ಹೊತ್ತು ಹೋಗುವುದಿಲ್ಲ. ಮಗನ ಹಳೇ ಫೋನಿನಲ್ಲಿ ಆಪ್ ಇದೆ. ಒತ್ತಿದರೆ ಬಳ್ಳಾರಿ ಕಾಣುತ್ತದೆ.

ಮೊದಲ ಫೋನು ಉಪಕಾರದ್ದೇ. "ಏನಪ್ಪಾ, ಮೋಟರ್ ಬಂದ್ ಮಾಡ್ರಿ. ಸಂಪು ತುಂಬಿ ರೋಡಿಗೆ ಹರಿಯಾಕತ್ತೈತಿ." ಕೊಂಡವನು ಓಡಿ ಹೋಗಿ ಆಫ್ ಮಾಡಿ, ಥ್ಯಾಂಕ್ಸ್ ಹೇಳಿ, ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಇವರಿಗೆ ಹೇಗೆ ಗೊತ್ತಾಯಿತು? ಎರಡನೆಯದು ಅವನ ಹೆಂಡತಿಗೆ. "ಏನಮ್ಮಾ, ತುಳಸಿಗೆ ನೀರು ಹಾಕೇ ಇಲ್ಲ? ನಮ್ಮಾಕಿ ಇಪ್ಪತ್ತು ವರ್ಷ ಒಂದಿನ ತಪ್ಪಿಸಿದಾಕಿ ಅಲ್ಲ." ಆಮೇಲೆ ಸಲುಗೆ ಬೆಳೆಯುತ್ತದೆ. "ನಾಷ್ಟಾಕ್ಕೆ ದಿನಾ ಹೊರಗಿಂದನೇ ಒಗ್ಗರಣಿ ಮಿರ್ಚಿ ತರಿಸ್ತೀರೇನು? ಹೊಟ್ಟಿ ಕೆಡತೈತಿ." ಕೊನೆಗೆ, "ನಿನ್ನೆ ರಾತ್ರಿ ಹನ್ನೊಂದಕ್ಕ ಬಂದು ಹೋದವರು ಯಾರಪ್ಪಾ?"

ಮನೆ ಇವನದು, ಕರೆಂಟ್ ಇವನದು, ಇಂಟರ್‌ನೆಟ್ ಬಿಲ್ ಇವನದು. ತನ್ನನ್ನು ನೋಡಲು ತಾನೇ ತಿಂಗಳಾ ದುಡ್ಡು ಕಟ್ಟುವ ಯೋಗ ಎಲ್ಲರಿಗೂ ಬರುವುದಿಲ್ಲ.

ಸಿಟ್ಟು ಬಂದು ಪಿನ್ನು ತೂರಿಸಿ ರೀಸೆಟ್ ಒತ್ತುತ್ತಾನೆ. ಇಂಥ ಎಷ್ಟೋ ಕ್ಯಾಮೆರಾಗಳು ಮೊದಲು ಕ್ಯೂಆರ್ ಸ್ಕ್ಯಾನ್ ಮಾಡಿದವನ ಖಾತೆಗೆ ಅಂಟಿಕೊಂಡಿರುತ್ತವೆ. ರೀಸೆಟ್ ಮಾಡಿದರೆ ವೈಫೈ ಮರೆಯುತ್ತವೆ, ಯಜಮಾನನನ್ನು ಮರೆಯುವುದಿಲ್ಲ. ಹೊಸ ಫೋನಿನಿಂದ ಸ್ಕ್ಯಾನ್ ಮಾಡಿದರೆ, ಇದು ಬೇರೆಯವರ ಖಾತೆಯಲ್ಲಿದೆ ಅಂತ ಸಂದೇಶ ಬರುತ್ತದೆ. ಹಳಬರು ತಮ್ಮ ಆಪ್‌ನಿಂದ ಅದನ್ನು ತೆಗೆಯಬೇಕು. ಅಥವಾ ರಸೀದಿ ಹಿಡಿದು ಕಂಪನಿಯವರ ಬೆನ್ನು ಹತ್ತಬೇಕು. ಅಲ್ಲಿಯ ತನಕ ಆ ಕ್ಯಾಮೆರಾದಲ್ಲಿ ಇವನಿಗೂ ಕಾಣುವುದಿಲ್ಲ, ಅವರಿಗೂ ಕಾಣುವುದಿಲ್ಲ. ಬ್ರೋಕರ್ ಹೇಳಿದ್ದ ಫುಲ್ ಸೇಫ್ ಇದೇ ಇರಬೇಕು. ಅವತ್ತೇ ಸಂಜೆ ಬೆಂಗಳೂರಿಂದ ಫೋನು: "ಏನಪ್ಪಾ, ಮನಿ ಕಾಣಾಕ ಒಲ್ದು. ಎಲ್ಲಾ ಆರಾಮ ಐತಿಲ್ಲ?"

ಡಿವಿಆರ್‌ನ ಪಾಸ್‌ವರ್ಡ್ ಕೇಳೋಣವೆಂದರೆ ಅದು ಡಬ್ಬಿಯ ನೆತ್ತಿಯ ಮೇಲೇ ಚೀಟಿಯಲ್ಲಿದೆ. ಅಡ್ಮಿನ್, 12345. ಕಂಪನಿ ಕೊಟ್ಟಾಗ ಇದ್ದದ್ದೇ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಇಂಥ ಬದಲಾಯಿಸದ ಪಾಸ್‌ವರ್ಡುಗಳನ್ನೇ ಹಾಕಿ ನೋಡಿ, ಲೋಕದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿತ್ತು. ಆ ಡಬ್ಬಿಗಳ ದಂಡು ಕಟ್ಟಿ ಮಾಡಿದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತಡವರಿಸಿದವು. ಕಳ್ಳನನ್ನು ಹಿಡಿಯಲು ಹಾಕಿದ್ದೇ ಕಳ್ಳರ ಜೊತೆ ಸೇರಿತ್ತು. ಅದಾದ ಮೇಲೂ ನಮ್ಮಲ್ಲಿ ಪಾಸ್‌ವರ್ಡ್ ಬದಲಾಯಿಸೋದು ಅಪಶಕುನ. "ಮರ್ತು ಹೋಗತೈತ್ರಿ ಸರ್, ಇರ್ಲಿ ಬಿಡ್ರಿ."

ಹಾಗಾದರೆ ಇದನ್ನೆಲ್ಲ ಬರಹದಲ್ಲಿ ಇಡುವುದು ಒಳ್ಳೆಯದು ಅಂತ ಪತ್ರ ಬರಹಗಾರರ ಹತ್ತಿರ ಹೋದರೆ, ಅವರ ಕಂಪ್ಯೂಟರಿನಲ್ಲಿ ಕ್ರಯಪತ್ರ ಮೊದಲೇ ತಯಾರಾಗಿ ಕೂತಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಪಕ್ಕದ ಹಂಪಿಯ ಅರಸರು ಶಾಸನದಲ್ಲಿ ಕೆತ್ತಿಸಿ ಕೊಡುತ್ತಿದ್ದ ಅದೇ ಅಷ್ಟಭೋಗ, ಭೂಮಿಯ ಮೇಲಿನ ಎಂಟು ಹಕ್ಕು. ಮೂವತ್ತು-ನಲವತ್ತರ ಸೈಟಿನ ಕೆಳಗೆ ನಾಳೆ ಕೊಪ್ಪರಿಗೆ ಹೊನ್ನು ಸಿಕ್ಕರೆ ಯಾರದು ಅನ್ನುವುದಕ್ಕೆ ಪತ್ರದಲ್ಲಿ ಸಾಲಿದೆ. ಸರ್ಕಾರ ಅದನ್ನು ಒಪ್ಪುವುದಿಲ್ಲ, ಅದು ಬೇರೆ. ಅಡ್ಮಿನ್ ಪಾಸ್‌ವರ್ಡ್ ಯಾರದು ಅನ್ನುವುದಕ್ಕೆ ಸಾಲಿಲ್ಲ.

"ಒಂದು ಸಾಲು ಸೇರಿಸ್ರಿ" ಅಂದರೆ ಬರಹಗಾರರು ಕನ್ನಡಕ ಮೇಲೇರಿಸಿ ಯೋಚಿಸುತ್ತಾರೆ. ಹಣ ಪೂರ್ತಿ ಕೊಡುವ ಮೊದಲೇ, ಎದುರಿಗೆ ಕೂರಿಸಿ, ಹಳಬರ ಫೋನಿನಿಂದ ಕ್ಯಾಮೆರಾ ತೆಗೆಸಿಬಿಡಿ, ಮುಗಿಯಿತು ಅಂತ ಯಾರಾದರೂ ಹೇಳಬಹುದಿತ್ತು. ಅಷ್ಟು ಸುಲಭದ ದಾರಿಯಲ್ಲಿ ಯಾರಿಗೂ ಫೀಸು ಇಲ್ಲ. ಬರಹಗಾರರು ಟೈಪ್ ಮಾಡುತ್ತಾರೆ: "ಸದರಿ ಮನೆಯ ಎಂಟು ಕ್ಯಾಮೆರಾ ಹಾಗೂ ಅವುಗಳ ಪಾಸ್‌ವರ್ಡ್ ಈ ಕೆಳಗಿನಂತಿದ್ದು..." ದೊಡ್ಡ ಅಕ್ಷರವೋ ಸಣ್ಣ ಅಕ್ಷರವೋ ಅಂತ ಎರಡು ಸಲ ಕೇಳಿ ತಿದ್ದುತ್ತಾರೆ.

ಪತ್ರ ನೋಂದಣಿ ಆಗುತ್ತದೆ. ಫೋಟೋ, ಹೆಬ್ಬೆಟ್ಟು, ಸಹಿ, ಇಬ್ಬರು ಸಾಕ್ಷಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು, ಅರ್ಜಿ ಹಾಕಿ ಶುಲ್ಕ ಕಟ್ಟಿದ ಯಾರು ಬೇಕಾದರೂ ಪಡೆಯಬಹುದು.