ನಿತ್ಯ ಕಚೇರಿ, ಪ್ರವೇಶ ಉಚಿತ

ಹಾರ್ನ್ ಒತ್ತಿದರೆ ಕೊಳಲು, ತಬಲಾ, ಪಿಟೀಲು, ಹಾರ್ಮೋನಿಯಂ ದನಿಯೇ ಬರಬೇಕು, ಅದಕ್ಕೊಂದು ಕಾನೂನು ತರುವ ಯೋಚನೆಯಿದೆ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವ ಗಡ್ಕರಿ ಸಾಹೇಬರು 2025ರ ಏಪ್ರಿಲ್‌ನಲ್ಲಿ ಹೇಳಿದ್ದರಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಟ್ಟಿಗೇ ಐನೂರು ಹಾರ್ಮೋನಿಯಂ! ನನ್ನದೇನೂ ತಕರಾರಿಲ್ಲ. ತಬಲಾ ಮಾತ್ರ ಬೇಡ ಸ್ವಾಮಿ. ಬೆಂಗಳೂರಿನಲ್ಲಿ ತಾಳವಾದ್ಯದವರ ಹುದ್ದೆ ಆಗಲೇ ಭರ್ತಿ.

ನಮ್ಮ ಕಿಟಕಿಯ ಕೆಳಗೇ ಒಬ್ಬರು ವಿದ್ವಾಂಸರಿದ್ದಾರೆ. ಮ್ಯಾನ್‌ಹೋಲ್ ಮುಚ್ಚಳ. ಒಂದು ಅಂಚು ಸರಿಯಾಗಿ ಕೂತಿಲ್ಲ. ಬೈಕ್ ಹೋದರೆ ಮುಂದಿನ ಚಕ್ರ ತ, ಹಿಂದಿನದು ಕ. ಎರಡು ಬೈಕಾದರೆ ತಕಧಿಮಿ. ಆಟೋ ಅಡ್ಡಡ್ಡ ನುಗ್ಗಿದರೆ ಮೂರೂ ಚಕ್ರ ತಗುಲಿ ತಕಿಟ. ಆಟೋ ಮುಂದೆ, ಎರಡು ಬೈಕು ಹಿಂದೆ ಬಂದ ದಿನ ಮೂರೂ ನಾಲ್ಕೂ ಸೇರಿ ಏಳೆಣಿಕೆಯ ಅಪ್ಪಟ ಮಿಶ್ರಛಾಪು ತಾಳ. ಮಲಗಿದಲ್ಲೇ ತೊಡೆ ತಟ್ಟಿ ಲೆಕ್ಕ ಹಾಕಿದ್ದೇನೆ. ರಾತ್ರಿ 2 ಗಂಟೆಗೆ ಜಲ್ಲಿ ಟಿಪ್ಪರ್ ಬಂದರೆ ತದ್ದಿಂಗಿಣತೊಂ, ಅಡುಗೆಮನೆ ಸ್ಟ್ಯಾಂಡಿನ ಲೋಟಗಳೂ ಜೊತೆಗೆ.

ಹಾಗೆ ನೋಡಿದರೆ ಮನೆಸಾಮಾನು ಬಾರಿಸುವುದು ನಮಗೆ ಹೊಸದೇ? ಘಟ ಅಂದರೆ ಮಡಕೆ ತಾನೇ. ವಿಕ್ಕು ವಿನಾಯಕರಾಂ ಅದನ್ನು ಗ್ರ್ಯಾಮಿವರೆಗೆ ಹೊತ್ತರು. ನಮ್ಮೂರಿನ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟು ಘಟತರಂಗ ನುಡಿಸಿದರು. ಜಲತರಂಗಕ್ಕೂ ಪಿಂಗಾಣಿ ಬಟ್ಟಲು, ನೀರು ಸಾಕು. (ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ಆ ವಾದ್ಯದ ಮಾತು ಬಿಡಿ.) 2020ರ ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ 5 ಗಂಟೆಗೆ ತಟ್ಟೆ ಹಿಡಿದು ಬಾಲ್ಕನಿಗೆ ಬಂದವರಲ್ಲಿ ನಾನೂ ಒಬ್ಬ. 5 ನಿಮಿಷ ಅಂದಿದ್ದರು. ನಮ್ಮ ಬೀದಿಯ ತನಿ ಆವರ್ತನ (ಕಚೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಸರದಿ) ಮುಗಿಯಲು ಇಪ್ಪತ್ತಾಯಿತು. ತಟ್ಟೆ ತಗ್ಗಾದದ್ದಕ್ಕೆ ಮನೆಯಾಕೆ ಇವತ್ತಿಗೂ ಅದರಲ್ಲೇ ನನಗೆ ಬಡಿಸುತ್ತಾಳೆ.

ಶಬ್ದಕ್ಕೂ ಕಾನೂನಿದೆ. 2000ನೇ ಇಸವಿಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಅದನ್ನೇ ಬರೆದುಕೊಂಡು ಹೋದೆ. ಒಂದು ಕಚೇರಿಯಲ್ಲಿ “ಮುಚ್ಚಳ ನಮ್ಮದಲ್ಲ, ರೋಡಿನವರದು” ಅಂದರು. ಇನ್ನೊಂದರಲ್ಲಿ “ರೋಡ್ ನಮ್ಮದೇ, ಮುಚ್ಚಳ ನಮ್ಮದಲ್ಲ ಸಾರ್.” ಎರಡು ಕಚೇರಿ ಕೇಳಿದ ಭಾಗ್ಯ, ಪಲ್ಲವಿ ಒಂದೇ.

ಪಕ್ಕದ ಫುಟ್‌ಪಾತ್ ಚಪ್ಪಡಿಯದೂ ಇದೇ ಘರಾನಾ. ಅದು ವಾಲಿದ್ದರಿಂದಲೇ ಎದುರುಮನೆ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಒಂದು ಬಾಂಡ್ಲಿ ಸಿಮೆಂಟು, ಅರ್ಧ ಗಂಟೆ ಕೆಲಸ. ಮಾಡ್ರಯ್ಯ.

ನಿನ್ನೆ ಯಾರೋ ಪುಣ್ಯಾತ್ಮರು ಮುಚ್ಚಳದ ಸಂದಿಗೆ ಹಳೇ ಹವಾಯಿ ಚಪ್ಪಲಿ ತುರುಕಿದ್ದಾರೆ. ಟಣ್ ಅನ್ನುತ್ತಿದ್ದದ್ದು ಈಗ ಧೊಂ ಅನ್ನುತ್ತಿದೆ, ಮೃದಂಗದ ಎಡಮುಖಕ್ಕೆ ರವೆ ಮೆತ್ತಿದ ಹಾಗೆ.