ಆಯ್ತು ಅಂದ್ರೆ ‘ಫಾತ್ತೊ’ ಅಲ್ಲ

ನಮ್ಮ ಕಂಪನಿಯ ದೊಡ್ಡ ಗಿರಾಕಿ ಇರುವುದು ಇಟಲಿಯ ಬೊಲೊನ್ಯಾದಲ್ಲಿ. ಪ್ಯಾಕಿಂಗ್ ಮೆಷಿನ್‌ಗಳಿಗೆ ಹೆಸರಾದ ಊರು ಅದು. ಅವರ ಮೆಷಿನ್‌ಗೆ ಬೇಕಾದ ಬಿಡಿಭಾಗಗಳನ್ನು ನಾವು ತುಮಕೂರಿನ ವಸಂತನರಸಾಪುರದಲ್ಲಿ ಮಾಡಿ ಕಳಿಸುತ್ತೇವೆ. ವಾರಕ್ಕೊಂದು ಕಾಲ್ ಇರುತ್ತದೆ. ಅವರಿಗೆ ಬೆಳಿಗ್ಗೆ 9 ಆದಾಗ ನಮಗೆ ಬೇಸಿಗೆಯಲ್ಲಿ 12.30, ಚಳಿಗಾಲದಲ್ಲಿ 1.30. ಅಂದರೆ ಸರಿಯಾಗಿ ಕ್ಯಾಂಟೀನಿನಲ್ಲಿ ಮುದ್ದೆ ಆರುವ ಹೊತ್ತು.

ಕಾಲ್ ನಡೆಯುವುದು ಇಂಗ್ಲಿಷ್‌ನಲ್ಲೇ. ಆದರೆ ನಡುವೆ ಅವರವರೇ ಮಾತಾಡಿಕೊಳ್ಳುವಾಗ ನಾವು ಸುಮ್ನೆ ಗೊಂಬೆ ಥರ ಕೂತಿರಬೇಕು. ಅದಕ್ಕೇ ಆರು ತಿಂಗಳಿಂದ ಬಟವಾಡಿಯಲ್ಲಿ ಕಂಪನಿ ಬಸ್ಸು ಹತ್ತಿ, ಇಯರ್‌ಫೋನ್ ಹಾಕಿಕೊಂಡು ಇಟಾಲಿಯನ್ ಕಲಿಯುತ್ತಿದ್ದೇನೆ.

ಕಲಿಯುವವರಿಗೆ ನಾನು ಹೇಳುವುದು ಇಷ್ಟೇ. ಇಂಗ್ಲಿಷ್ ಬದಿಗಿಡಿ, ಕನ್ನಡ ಹಿಡಿದುಕೊಂಡು ಕಲಿಯಿರಿ.

ಮೀಟಿಂಗ್ ಶುರುವಾದ ತಕ್ಷಣ ಅವರು ಕೇಳುವುದು, ‘ಆ ಕೆ ಪುಂತೊ ಸಿಯಾಮೊ?’ ಆಪ್‌ನಲ್ಲಿ ಇದಕ್ಕೆ ‘ವಾಟ್ ಈಸ್ ದ ಸ್ಟೇಟಸ್’ ಅಂತ ಬರೆದಿತ್ತು. ಎಷ್ಟು ಉರು ಹೊಡೆದರೂ ತಲೆಗೆ ಹತ್ತಲಿಲ್ಲ. ಬಿಡಿಸಿ ನೋಡಿದರೆ ‘ಯಾವ ಹಂತಕ್ಕೆ ಬಂದಿದ್ದೇವೆ’ ಅಂತ. ಮನೆ ಕಟ್ಟಿಸುವಾಗ ನಮ್ಮಪ್ಪ ದಿನಾ ಸಂಜೆ ಮೇಸ್ತ್ರಿಯನ್ನು ‘ಎಲ್ಲಿಗೆ ಬಂತಪ್ಪಾ?’ ಅಂತ ಕೇಳುತ್ತಿದ್ದರು. ಅದೇ ಅಲ್ವಾ ಇದು! ‘ಎಂತ್ರೊ ವೆನೆರ್ದಿ’ ಅಂದರೆ ಶುಕ್ರವಾರದೊಳಗೆ. ಆ ‘ಎಂತ್ರೊ’ ನಮ್ಮ ‘ಒಳಗೆ’ಯೇ.

ಉಚ್ಚಾರಕ್ಕಂತೂ ಹೆದರಬೇಡಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ‘ಸೆತೆ’ ಅಂದರೆ ಬಾಯಾರಿಕೆ, ‘ಸೆತ್ತೆ’ ಅಂದರೆ ಸಂಖ್ಯೆ ಏಳು ಅನ್ನುವುದು ಕಷ್ಟವಾ? ಅವರ ತ, ದ ಕೂಡ ನಮ್ಮ ಹಾಗೇ ಹಲ್ಲಿಗೆ ತಾಗುತ್ತವೆ. ‘ಸಿಯಾಮೊ ಇನ್ ರಿತಾರ್ದೊ’, ಅಂದರೆ ನಮ್ಮದು ತಡವಾಗಿದೆ. ಮೊದಲು ಇದನ್ನು ಬಾಯಿಪಾಠ ಮಾಡಿ. ಜಾಸ್ತಿ ಕೆಲಸಕ್ಕೆ ಬರುವುದು ಇದೇ.

ಆದರೆ ಕನ್ನಡವೇ ಒಂದು ಸಲ ನನ್ನನ್ನು ಬೀಳಿಸಿತು.

20 ಬ್ರಾಕೆಟ್‌ಗಳಿಗೆ ಪೇಂಟ್ ಆಗಬೇಕಿತ್ತು. ಪೇಂಟ್ ಸೆಕ್ಷನ್‌ಗೆ ಫೋನ್ ಮಾಡಿ, ‘ಅಣ್ಣಾ, ಇಟಲಿ ಬ್ರಾಕೆಟ್ದು ಪೇಂಟಿಂಗು...’ ಅಂದೆ. ಮಾತು ಮುಗಿಸುವ ಮೊದಲೇ ‘ಆಯ್ತು ಮೇಡಂ’ ಅಂದು ಫೋನ್ ಇಟ್ಟರು. ನಾನು ಹೊಸದಾಗಿ ಕಲಿತ ಹುರುಪಿನಲ್ಲಿ ಬೊಲೊನ್ಯಾಕ್ಕೆ ‘ಫಾತ್ತೊ!’ ಅಂತ ಮೆಸೇಜ್ ಹಾಕಿದೆ. ಅಂದರೆ ಮುಗಿದಿದೆ ಅಂತ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ತಕ್ಷಣ ಫೋಟೊ ಕೇಳಿದರು. ಓಡಿ ಹೋಗಿ ನೋಡಿದರೆ ಬ್ರಾಕೆಟ್‌ಗಳು ರ‍್ಯಾಕ್‌ನಲ್ಲಿ ಬೆತ್ತಲೆ ಮಲಗಿವೆ, ಪ್ರೈಮರ್ ಕೂಡ ಬಿದ್ದಿಲ್ಲ.

ಅಣ್ಣನದೇನೂ ತಪ್ಪಿಲ್ಲ. ಅವರು ಹೇಳಿದ್ದು ‘ಆಯ್ತು, ಮಾಡ್ತೀನಿ’ ಅಂತ. ನಮ್ಮಲ್ಲಿ ಮುಗಿದ ಕೆಲಸಕ್ಕೂ ಆಯ್ತು, ಇನ್ನೂ ಮುಟ್ಟದ ಕೆಲಸಕ್ಕೂ ಆಯ್ತು. ಇಟಾಲಿಯನ್‌ನಲ್ಲಿ ಮೊದಲನೆಯದು ‘ಫಾತ್ತೊ’, ಎರಡನೆಯದು ‘ವಾ ಬೆನೆ’. ಇದನ್ನು ಯಾವ ಆಪೂ ಹೇಳಿಕೊಟ್ಟಿರಲಿಲ್ಲ.

ಅವತ್ತು ಸಂಜೆ ‘ಸಿಯಾಮೊ ಇನ್ ರಿತಾರ್ದೊ’ ಅಂತ ಇನ್ನೊಂದು ಮೆಸೇಜ್ ಹಾಕಿದೆ. ಈಗ ಪೇಂಟ್ ಸೆಕ್ಷನ್‌ಗೆ ಫೋನ್ ಮಾಡಿದಾಗಲೆಲ್ಲ ‘ಅಣ್ಣಾ, ಯಾವ ಆಯ್ತು?’ ಅಂತ ಕೇಳುತ್ತೇನೆ.